ಜಸುಬೆನ್ ಮನೆಯ ಸೆಕ್ಷನ್

ಆ ವಿಷಯ ನನ್ನ ಪಾಲಿಗೆ ಬಂದದ್ದು ಬೇರೆ ಯಾರಿಗೂ ಅದು ಬೇಡವಾಗಿದ್ದರಿಂದ. ಭೂಕಂಪವಾಗಿ ಎರಡು ವರ್ಷ ಕಳೆದಿತ್ತು. ಅಹಮದಾಬಾದಿನಲ್ಲಿ ಹೊಸ ಫ್ಲ್ಯಾಟುಗಳು ಕುಸಿದು ಜನ ಸತ್ತ ಮೇಲೆ, ಕಟ್ಟಡ ಕಟ್ಟುವವರಿಗೆ ಜನರ ಬಗ್ಗೆಯೂ ಒಂದಿಷ್ಟು ಕಲಿಸಬೇಕು ಎಂಬ ಮಾತು ಅಲ್ಲಲ್ಲಿ ಎದ್ದಿತ್ತು. ವಡೋದರಾದ ನಮ್ಮ ಆರ್ಕಿಟೆಕ್ಚರ್ ಕಾಲೇಜಿನಲ್ಲೂ ‘ಸಮಾಜ ಮತ್ತು ವಾಸ್ತುಶಿಲ್ಪ’ ಎಂಬ ಹೊಸ ವಿಷಯ ಶುರುವಾಯಿತು. ವಾರಕ್ಕೆ ಎರಡು ತಾಸು, ಅದೂ ಮಧ್ಯಾಹ್ನದ ಊಟ ಮುಗಿದ ಕೂಡಲೇ. ವಿಭಾಗದ ಮುಖ್ಯಸ್ಥರಾಗಿದ್ದ ಮೆಹ್ತಾ ಸಾಹೇಬರು ಸಭೆಯಲ್ಲಿ ಎಲ್ಲರ ಮುಖ ನೋಡಿದರು. ಎಲ್ಲರೂ ಮೇಜು ನೋಡಿದರು.

“ಸುಮಿತ್ರಾಬೆನ್, ನೀವೇ ತಗೊಳ್ಳಿ. ಹೆಂಗಸರಿಗೆ ಇಂಥದ್ದು ಚೆನ್ನಾಗಿ ಬರುತ್ತೆ” ಅಂದರು ಸಾಹೇಬರು. ಬೆನ್ ಎಂದರೆ ಗುಜರಾತಿಯಲ್ಲಿ ಅಕ್ಕ.

ನಾನು ಧಾರವಾಡದವಳು. ಯಜಮಾನರಿಗೆ ರೈಲ್ವೆಯಲ್ಲಿ ಕೆಲಸ. ವರ್ಗವಾಗಿ ವಡೋದರಾಕ್ಕೆ ಬಂದವರು ಅಲ್ಲಿಯೇ ಉಳಿದೆವು. ಇಪ್ಪತ್ತೆರಡು ವರ್ಷ ಆ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾದೆ. ಈಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾನೂ ಅಧ್ಯಾಪಕಿಯಾಗಿ ಸೇರಿದ್ದಾಳೆ. ಅದೇ ವಿಷಯವನ್ನು ತನಗೆ ಕೊಟ್ಟಿದ್ದಾರೆಂದು ಫೋನ್ ಮಾಡಿ ನನ್ನ ನೋಟ್ಸ್ ಕೇಳಿದಳು. ಕಳಿಸಿದ್ದೇನೆ. ನೋಟ್ಸಿನಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ವರ್ಷ ನಾನು ಮಾಡಿದ್ದು ನೋಟ್ಸ್ ಬರೆಸುವುದೊಂದೇ. ಹುಡುಗರು ಅರ್ಧ ನಿದ್ದೆಯಲ್ಲಿ ಬರೆದುಕೊಂಡರು, ಪರೀಕ್ಷೆಯಲ್ಲಿ ಹಾಗೆಯೇ ಒಪ್ಪಿಸಿದರು. ‘ಬಡವರೇ ನಗರದ ಬೆನ್ನೆಲುಬು’ ಎಂದು ಮೂವತ್ತು ಉತ್ತರಪತ್ರಿಕೆಗಳಲ್ಲಿ ಓದಿ ನನಗೇ ನಾಚಿಕೆಯಾಯಿತು. ಎರಡನೆಯ ವರ್ಷ ಪ್ರಶ್ನೆ ಬದಲಾಯಿಸಿದೆ. ನಿಮ್ಮ ಮನೆಯಲ್ಲಿ ಅಥವಾ ನಿಮ್ಮ ಕಟ್ಟಡದಲ್ಲಿ ದುಡಿಯುವ ಒಬ್ಬರ ಹೆಸರು ಬರೆಯಿರಿ, ಅವರು ಮಲಗುವ ಜಾಗದ ನಕ್ಷೆ ಬರೆಯಿರಿ ಎಂದು ಕೇಳಿದೆ. ಮೂವತ್ತರಲ್ಲಿ ಇಪ್ಪತ್ತು ಮಂದಿ ಹಾಳೆಯನ್ನು ಖಾಲಿ ಕೊಟ್ಟರು.

ಖಾಲಿ ಕೊಟ್ಟವರಲ್ಲಿ ಅನಿರುದ್ಧನೂ ಒಬ್ಬ. ಅವನ ಅಪ್ಪ ತುಮಕೂರಿನ ಕಡೆಯವರು, ವಿಮಾ ಕಂಪನಿಯಲ್ಲಿ ಅಧಿಕಾರಿ. ಹುಡುಗ ಬೆಳೆದದ್ದು ಅಹಮದಾಬಾದಿನ ಸ್ಯಾಟಲೈಟ್ ಎಂಬ ಬಡಾವಣೆಯ ಒಂದು ಹೌಸಿಂಗ್ ಸೊಸೈಟಿಯಲ್ಲಿ. ಓದಿಗಾಗಿ ವಡೋದರಾದ ಫತೇಗಂಜ್‌ನಲ್ಲಿ ಕೋಣೆ ಹಿಡಿದಿದ್ದ. ಕನ್ನಡ ಅರ್ಥವಾಗುತ್ತಿತ್ತು, ಮಾತಾಡುವಾಗ ತಡವರಿಸುತ್ತಿದ್ದ. ಆದರೆ ಅವನಂಥ ಕೈ ಇಡೀ ಕಾಲೇಜಿನಲ್ಲಿ ಇನ್ನೊಬ್ಬನದಿರಲಿಲ್ಲ. ಪೆನ್ಸಿಲ್ ಹಿಡಿದರೆ ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆಯ ತೇವವೂ ಕಾಣಬೇಕು, ಹಾಗೆ ಬರೆಯುತ್ತಿದ್ದ.

ರಜೆಗೆ ಮನೆಗೆ ಹೋದವನು ಒಂದು ಚಿತ್ರ ಬರೆದು ತಂದ. ಅವರ ಸೊಸೈಟಿಯ ವಾಚ್‌ಮನ್ ಮೆಟ್ಟಿಲ ಕೆಳಗೆ, ವಿದ್ಯುತ್ ಮೀಟರುಗಳ ಪಕ್ಕ, ಮೊಣಕಾಲು ಮಡಿಸಿ ಮಲಗುತ್ತಿದ್ದ ಜಾಗ. ಕೆಳಗೆ ಹೆಸರು: ರಾಮ್‌ಸೇವಕ್. ನಾನು ಅದನ್ನು ತರಗತಿಗೆಲ್ಲ ತೋರಿಸಿದೆ.

ಒಂದು ತಿಂಗಳ ನಂತರ ಅವನು ಕಾರಿಡಾರಿನಲ್ಲಿ ನಿಲ್ಲಿಸಿ ಹೇಳಿದ: “ಮ್ಯಾಮ್, ಪಪ್ಪಾ ಆ ಡ್ರಾಯಿಂಗ್ ಸೊಸೈಟಿ ಸೆಕ್ರೆಟರಿಗೆ ತೋರಿಸಿದ್ರು. ಪ್ರೌಡ್ ಆಗಿ. ಅವರು ನೆಕ್ಸ್ಟ್ ಡೇನೇ ಅವನ ಟ್ರಂಕು, ಹಾಸಿಗೆ ಎಲ್ಲಾ ತೆಗೆಸಿಬಿಟ್ರು. ಬಂದವರಿಗೆ ಕಾಣುತ್ತೆ, ಚೆನ್ನಾಗಿರಲ್ಲ ಅಂತ.”

“ಅದು ಸೊಸೈಟಿಯವರ ತಪ್ಪೋ ತಮ್ಮಾ, ನಿನ್ನ ಚಿತ್ರದ್ದಲ್ಲ” ಅಂದೆ.

ಅವನು ತಲೆಯಾಡಿಸಿ ಹೋದ. ನಾನೂ ನನ್ನ ಕ್ಲಾಸಿಗೆ ಹೋದೆ. ನಿಂತು ಯೋಚಿಸಬೇಕಾಗಿದ್ದ ಜಾಗ ಅದು. ನಾನು ನಿಲ್ಲಲಿಲ್ಲ.

ಆ ವರ್ಷವೇ ಕಾಲೇಜಿಗೆ ಕಂಪ್ಯೂಟರ್ ಲ್ಯಾಬ್ ಬಂದಿತ್ತು. ಹುಡುಗರು ಮನುಷ್ಯರನ್ನು ಬರೆಯುವುದನ್ನೇ ಬಿಟ್ಟಿದ್ದರು. ಯಾವುದೋ ಫೈಲಿನಿಂದ ಸೂಟು ಹಾಕಿದ ಗಂಡಸನ್ನೋ, ನಾಯಿ ಹಿಡಿದ ಹೆಂಗಸನ್ನೋ ಎತ್ತಿ ತಂದು ಎಲ್ಲ ಕಟ್ಟಡಗಳ ಮುಂದೆ ನಿಲ್ಲಿಸುತ್ತಿದ್ದರು. ಆಸ್ಪತ್ರೆಗೂ ಅದೇ ನಾಯಿ, ಶಾಲೆಗೂ ಅದೇ ನಾಯಿ. ಅದನ್ನು ನೋಡಿ ನನಗೆ ಸಿಟ್ಟು ಬಂತು. ಮೂರನೆಯ ವರ್ಷದ ಸ್ಟುಡಿಯೋ, ಅಂದರೆ ಇಡೀ ಅವಧಿ ಒಂದೇ ಕಟ್ಟಡದ ಮೇಲೆ ಕೆಲಸ ಮಾಡುವ ತರಗತಿ, ನನ್ನ ಕೈಗೆ ಬಂದಾಗ ಎರಡು ಕಟ್ಟಳೆ ಮಾಡಿದೆ. ಮನುಷ್ಯರನ್ನು ಕೈಯಿಂದಲೇ ಬರೆಯಬೇಕು. ಬರೆದ ಪ್ರತಿ ಮನುಷ್ಯನಿಗೂ ಒಂದು ಹೆಸರು, ಒಂದು ವಯಸ್ಸು ಇರಬೇಕು. ಹೆಸರಿಲ್ಲದ ಬಡವರು ನನ್ನ ಸ್ಟುಡಿಯೋದಲ್ಲಿ ಬೇಡ ಎಂದು ಹೇಳಿದೆ. ಆ ಮಾತು ನನಗೆ ಬಹಳ ಇಷ್ಟವಾಗಿತ್ತು. ಎರಡು ಮೂರು ಕಡೆ ಭಾಷಣದಲ್ಲೂ ಹೇಳಿದ್ದೆ.

ವಿಷಯ: ಸುರತ್ತಿನ ವರಾಛಾದಲ್ಲಿ ವಜ್ರ ಉಜ್ಜುವವರಿಗೆ ಮನೆಗಳು.

“ಸಮಾಜಸೇವೆಗೆ ಬೇರೆ ಕಾಲೇಜುಗಳಿವೆ ಬೆನ್. ಇವರಿಗೆ ಒಂದು ಮ್ಯೂಸಿಯಂ ಕೊಡಿ” ಎಂದರು ಮೆಹ್ತಾ ಸಾಹೇಬರು. ಕೊನೆಗೆ ಒಪ್ಪಿದರು.

ಶನಿವಾರ ಬೆಳಗಿನ ರೈಲು ಹಿಡಿದು ಹತ್ತೊಂಬತ್ತು ಮಂದಿಯನ್ನು ಸುರತ್ತಿಗೆ ಕರೆದುಕೊಂಡು ಹೋಗುತ್ತಿದ್ದೆ. ವರಾಛಾದ ಓಣಿಗಳಲ್ಲಿ ಕೆಳಗೆ ವಜ್ರದ ಕಾರ್ಖಾನೆಗಳು, ಮೇಲೆ ಸಾಲು ಕೋಣೆಗಳು. ತಿರುಗುವ ಚಕ್ರದ ಸುತ್ತ ನಾಲ್ಕು ನಾಲ್ಕು ಜನ ತಲೆ ಬಗ್ಗಿಸಿ ಕೂತಿರುತ್ತಿದ್ದರು. ಹೆಚ್ಚಿನವರು ಸೌರಾಷ್ಟ್ರದ ಹಳ್ಳಿಗಳಿಂದ ಬಂದವರು. ಅಂಥ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ಜಸುಬೆನ್ ಮನೆ ಇತ್ತು. ಬೇರೆ ಮನೆಯವರು ಬಾಗಿಲಲ್ಲೇ ಮಾತಾಡಿ ಕಳಿಸಿದರೆ, ಜಸುಬೆನ್ ಹುಡುಗರನ್ನು ಒಳಗೆ ಕರೆದು ನೀರು ಕೊಟ್ಟರು.

ಹತ್ತಡಿ ಅಗಲ, ಹದಿನಾಲ್ಕಡಿ ಉದ್ದದ ಒಂದೇ ಕೋಣೆ. ಒಂದು ಮೂಲೆಯಲ್ಲಿ ಪಾತ್ರೆ ತೊಳೆಯಲು, ಸ್ನಾನಕ್ಕೆ ಎಂದು ತಗ್ಗಿಸಿ ಕಟ್ಟಿದ ಚೋಕಡಿ, ಅದಕ್ಕೆ ಹಳೆಯ ಸೀರೆಯ ಪರದೆ. ಗೋಡೆಯ ಮೇಲೆ ಸಾಲಾಗಿ ಹಿತ್ತಾಳೆಯ ಪಾತ್ರೆಗಳು, ಒಂದೊಂದೂ ತಿಕ್ಕಿ ಬೆಳಗಿದ್ದು. ಆರು ಜನ ಇದ್ದರು: ಜಸುಬೆನ್, ಇಪ್ಪತ್ತೈದು ವರ್ಷ ವಜ್ರ ಉಜ್ಜಿ ದೃಷ್ಟಿ ಮಂದವಾಗಿ ಮನೆಯಲ್ಲಿ ಕೂತಿದ್ದ ಅವರ ಗಂಡ ಭೀಖಾಭಾಯಿ, ಹಾಸಿಗೆ ಹಿಡಿದ ಅತ್ತೆ, ಹತ್ತೊಂಬತ್ತರ ಮಗಳು ಪಾರುಲ್, ಶಾಲೆಗೆ ಹೋಗುವ ಮಗ, ಮತ್ತೆ ಭೀಖಾಭಾಯಿಯ ತಂಗಿಯ ಮಗ ಮುಕೇಶ್. ಅವನು ಕೆಳಗಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಜಸುಬೆನ್ ಮತ್ತು ಪಾರುಲ್ ದಿನವಿಡೀ ಸೀರೆಗಳಿಗೆ ಹೊಳೆಯುವ ಕಲ್ಲು ಅಂಟಿಸುತ್ತಿದ್ದರು.

ಅನಿರುದ್ಧ ಆ ಮನೆಯನ್ನು ಆರಿಸಿಕೊಂಡ. ಆರು ಶನಿವಾರ ಅಲ್ಲಿಯೇ ಕೂತ. ಮೊಳೆ, ಗೂಟ, ಪಾತ್ರೆಯ ಅಂಚು ಯಾವುದನ್ನೂ ಬಿಡದೆ ಅಳೆದ. ಅಜ್ಜಿಗೆ ಅವನೆಂದರೆ ಅಕ್ಕರೆ. ರಾತ್ರಿ ಎಲ್ಲರೂ ಹೇಗೆ ಮಲಗುತ್ತೀರಿ ಎಂದು ಕೇಳಿದಾಗ ಜಸುಬೆನ್ ನಗುತ್ತಾ ಎದ್ದು, ನೆಲದ ಮೇಲೆ ಕೈಯಿಂದ ಗೆರೆ ಎಳೆದು ತೋರಿಸಿದರು. ಬಾಗಿಲ ಹತ್ತಿರ ಮುಕೇಶ್. ಅಟ್ಟದ ಮೇಲೆ ಮಗ. ನಡುವೆ ಮಂಚದ ಮೇಲೆ ಅಜ್ಜಿ, ಮಂಚದ ಪಕ್ಕ ಭೀಖಾಭಾಯಿ. ತುದಿಯಲ್ಲಿ, ಒಲೆಯ ಗೋಡೆಗೆ ತಾಗಿ, ತಾಯಿ ಮಗಳು.

ಅವನು ಅದನ್ನು ಎರಡು ರೀತಿಯಲ್ಲಿ ಬರೆದ. ಒಂದು ಪ್ಲಾನ್, ಅಂದರೆ ಮೇಲಿನಿಂದ ನೋಡಿದ ನಕ್ಷೆ. ಇನ್ನೊಂದು ಸೆಕ್ಷನ್. ಸೆಕ್ಷನ್ ಎಂದರೆ ಎದುರಿನ ಗೋಡೆಯನ್ನು ಕೊಯ್ದು ತೆಗೆದು ಒಳಗೆ ನೋಡಿದಂತೆ ಬರೆಯುವ ಚಿತ್ರ. ಅದರಲ್ಲಿ ದೂರ ತಿಳಿಯುವುದಿಲ್ಲ. ಮುಂದೆ ಇರುವುದೂ ಹಿಂದೆ ಇರುವುದೂ ಒಂದೇ ಸಾಲಿಗೆ ಬಂದು ನಿಲ್ಲುತ್ತವೆ. ನಮ್ಮ ಕಸುಬಿನವರಿಗೆ ಇದು ಅಕ್ಷರಾಭ್ಯಾಸದಷ್ಟು ಸಹಜ. ಉಳಿದವರ ಕಣ್ಣಿಗೆ ಅದು ಹೇಗೆ ಕಾಣುತ್ತದೆ ಎಂದು ಅಷ್ಟು ವರ್ಷ ಕಲಿಸಿದ ನನಗೂ ಹೊಳೆದಿರಲಿಲ್ಲ.

ಚಿತ್ರ ಅದ್ಭುತವಾಗಿತ್ತು. ಮಲಗಿದ ಆರು ಜನ, ಅವರ ಮೇಲೆ ಹಿತ್ತಾಳೆಯ ಸಾಲು, ಪರದೆಯ ಸೀರೆಯ ಹೂವು ಸಹ. ನಾನು ಹೇಳಿದ್ದಂತೆ ಪ್ರತಿಯೊಬ್ಬರ ಪಕ್ಕ ಹೆಸರು, ವಯಸ್ಸು. ಅವಧಿಯ ನಡುವಿನ ಮೌಲ್ಯಮಾಪನಕ್ಕೆ ಅಹಮದಾಬಾದಿನಿಂದ ಬಂದಿದ್ದ ಪರೀಕ್ಷಕರೊಬ್ಬರು ಅದರ ಮುಂದೆ ಹತ್ತು ನಿಮಿಷ ನಿಂತರು. ಅಂದಿನಿಂದ ಮೆಹ್ತಾ ಸಾಹೇಬರ ಧಾಟಿಯೇ ಬದಲಾಯಿತು. ಪ್ರದರ್ಶನ ಮಾಡೋಣ ಎಂದರು. ಅದನ್ನು ವರಾಛಾದಲ್ಲಿಯೇ, ಆ ಜನರಿಗೇ ತೋರಿಸೋಣ ಎಂದವಳು ನಾನು.

ಮದುವೆಗಳಿಗೆ ಬಾಡಿಗೆ ಕೊಡುವ ಒಂದು ವಾಡಿಯನ್ನು ಭಾನುವಾರಕ್ಕೆ ಹಿಡಿದೆವು. ಮಧ್ಯಾಹ್ನ ಜಸುಬೆನ್ ಒಳ್ಳೆಯ ಸೀರೆ ಉಟ್ಟು, ಭೀಖಾಭಾಯಿಯ ಕೈ ಹಿಡಿದುಕೊಂಡು ಬಂದರು. ಹಿಂದೆ ಪಾರುಲ್. ಅನಿರುದ್ಧ ಓಡಿ ಹೋಗಿ ಅವರನ್ನು ಚಿತ್ರದ ಮುಂದೆ ಕರೆತಂದ.

ಜಸುಬೆನ್ ಬಹಳ ಹೊತ್ತು ನೋಡಿದರು. ಭೀಖಾಭಾಯಿಗೆ ಕಾಣುತ್ತಿರಲಿಲ್ಲ. “ಏನಿದೆ ಅದರಲ್ಲಿ?” ಎಂದು ಹೆಂಡತಿಯನ್ನು ಕೇಳಿದರು.

“ನಮ್ಮ ಮನೆ. ಚೆನ್ನಾಗಿ ಬರೆದಿದಾನೆ ಹುಡುಗ” ಎಂದರು ಜಸುಬೆನ್. ಗಂಡನನ್ನು ಕುರ್ಚಿಯಲ್ಲಿ ಕೂರಿಸಿ, ನನ್ನನ್ನು ಪಕ್ಕಕ್ಕೆ ಕರೆದರು.

“ಬೆನ್, ನಮ್ಮ ಬಾಗಿಲ ಕಡೆ ಗೋಡೆ ಎಲ್ಲಿ?”

ನಾನು ಪಪ್ಪಾಯಿ ಹೋಳು ಮಾಡಿದಂತೆ ಎಂದೆಲ್ಲ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು.

“ನೀವು ಒಳಗೆ ಬಂದು ನೋಡಿದಿರಿ, ಅದು ಬೇರೆ. ನಾನೇ ಕರೆದಿದ್ದೆ. ಇಲ್ಲಿ ದಾರಿಯಲ್ಲಿ ಹೋಗೋರೆಲ್ಲ ನನ್ನ ಮಗಳು ಮಲಗಿರೋದನ್ನ ನೋಡ್ತಾರೆ. ಇದನ್ನ ತೆಗೀರಿ.”

ಆಗಲೇ ತೆಗೆಯಬೇಕಿತ್ತು. ನಾಲ್ಕು ಪಿನ್ನು ಕೀಳುವ ಕೆಲಸ. ಆದರೆ ಸಂಜೆ ಐದಕ್ಕೆ ಊರಿನ ಒಬ್ಬ ಗಣ್ಯರು ಬರುವವರಿದ್ದರು. ಇಡೀ ಪ್ರದರ್ಶನದಲ್ಲಿ ತೋರಿಸುವಂಥದ್ದು ಆ ಚಿತ್ರವೇ. “ಇನ್ನು ಎರಡೇ ಗಂಟೆ ಜಸುಬೆನ್, ಮುಗಿದ ಕೂಡಲೇ ತೆಗೀತೀನಿ” ಅಂದೆ. ಅವರು ನನ್ನ ಮುಖ ನೋಡಿದರು. ಗಂಡನನ್ನು ಎಬ್ಬಿಸಿಕೊಂಡು ಹೋದರು.

ಆ ಎರಡು ಗಂಟೆಯಲ್ಲಿ ಸ್ಥಳೀಯ ಪತ್ರಿಕೆಯವನೊಬ್ಬ ಬಂದು ಫೋಟೋ ತೆಗೆದುಕೊಂಡು ಹೋದ. ಪ್ಲಾನನ್ನು ತೆಗೆಯಲಿಲ್ಲ, ಸೆಕ್ಷನ್ ಒಂದನ್ನೇ. ಮಂಗಳವಾರ ಅದು ಹೆಸರುಗಳ ಸಮೇತ ಅಚ್ಚಾಯಿತು. ನಮ್ಮ ತರಗತಿಯ, ಸುರತ್ತಿನ ಹುಡುಗಿಯೊಬ್ಬಳು ಪತ್ರಿಕೆಯನ್ನು ಹೆಮ್ಮೆಯಿಂದ ಕಾಲೇಜಿಗೆ ತಂದಳು. ಮೆಹ್ತಾ ಸಾಹೇಬರು ಅದನ್ನು ಕತ್ತರಿಸಿ, ಮೂಲ ಚಿತ್ರದ ಒಂದು ಪ್ರಿಂಟ್ ಜೊತೆಗೆ ನೋಟಿಸ್ ಬೋರ್ಡಿಗೆ ಹಾಕಿಸಿದರು. ನನಗೆ ಒಳಗೊಳಗೆ ಅಳುಕಿತ್ತು. ಆದರೂ ತೆಗೆಸಲಿಲ್ಲ.

ಶನಿವಾರ ಹೋದಾಗ ಜಸುಬೆನ್ ಮನೆಯ ಬಾಗಿಲು ತೆರೆಯಲಿಲ್ಲ. ಒಳಗೆ ಅಜ್ಜಿ ಕೆಮ್ಮುವುದು ಕೇಳುತ್ತಿತ್ತು. ಪಕ್ಕದ ಮನೆಯ ಹೆಂಗಸು ನಮ್ಮನ್ನು ಮೆಟ್ಟಿಲವರೆಗೆ ಕರೆದುಕೊಂಡು ಹೋಗಿ ಸಣ್ಣ ದನಿಯಲ್ಲಿ ಹೇಳಿದಳು. ಪಾರುಲ್‌ಗೆ ಸುರತ್ತಿನಲ್ಲೇ ಇರುವ ಕತಾರ್‌ಗಾಮ್‌ನ ಒಂದು ಮನೆಯಿಂದ ಸಂಬಂಧ ಬಂದಿತ್ತು. ಹುಡುಗ ಹಿತೇಶ್, ಅವನೂ ವಜ್ರದ ಕೆಲಸದವನು. ಮಾತು ಮುಗಿದು ನಿಶ್ಚಿತಾರ್ಥ ಒಂದೇ ಬಾಕಿ. ಪತ್ರಿಕೆ ಬಂದ ಮರುದಿನ ಅವರು ಬೇಡವೆಂದು ಹೇಳಿ ಕಳಿಸಿದರು.

“ಒಂದೇ ಕೋಣೆಯ ಮನೆ ಅಂತಲೇ?” ಎಂದು ಕೇಳಿದೆ.

“ಒಂದೇ ಕೋಣೆ ಇಲ್ಲಿ ಯಾರದ್ದಲ್ಲ ಬೆನ್? ಪಾರುಲ್ ಮತ್ತು ಮುಕೇಶ್ ಪಕ್ಕಪಕ್ಕದಲ್ಲಿ ಮಲಗಿದ ಹಾಗೆ ಚಿತ್ರದಲ್ಲಿ ಇದೆಯಲ್ಲ.”

ನನಗೆ ಒಂದು ಕ್ಷಣ ತಿಳಿಯಲಿಲ್ಲ. ನಮ್ಮ ಕಡೆ ಸೋದರತ್ತೆಯ ಮಗನೆಂದರೆ ಮದುವೆಯಾಗಬಹುದಾದ ವರ. ಆ ಜನರಲ್ಲಿ ಅವನು ಅಣ್ಣ, ರಾಖಿ ಕಟ್ಟಿಸಿಕೊಳ್ಳುವವನು. ಅದು ತಲೆಗೆ ಹೋದಾಗ ಚಿತ್ರ ಅವರ ಕಣ್ಣಿಗೆ ಹೇಗೆ ಕಂಡಿತೆಂದು ತಿಳಿಯಿತು. ಬಾಗಿಲ ಬಳಿ ಮಲಗುವ ಮುಕೇಶನನ್ನೂ, ಹನ್ನೆರಡು ಅಡಿ ಹಿಂದೆ ಒಲೆಯ ಗೋಡೆಗೆ ತಾಗಿ ಮಲಗುವ ಪಾರುಲ್‌ಳನ್ನೂ ಸೆಕ್ಷನ್ ಅಕ್ಕಪಕ್ಕಕ್ಕೆ ತಂದಿತ್ತು. ನಡುವೆ ಇದ್ದ ಅಜ್ಜಿ, ಮಂಚ, ತಂದೆ ಎಲ್ಲರೂ ಅದೇ ಗೆರೆಯಲ್ಲಿ ಎಲ್ಲೋ ಮೇಲೆ ಕೆಳಗೆ ಸೇರಿಹೋಗಿದ್ದರು. ಮುಕೇಶ್ ಅಂದೇ ಹಾಸಿಗೆ ಎತ್ತಿಕೊಂಡು ಕೆಳಗಿನ ಕಾರ್ಖಾನೆಗೆ ಹೋಗಿದ್ದ. ಜಸುಬೆನ್ ಮನೆಗೆ ಊಟಕ್ಕೂ ಬರುತ್ತಿರಲಿಲ್ಲ.

ಸೋಮವಾರ ಮೆಹ್ತಾ ಸಾಹೇಬರಿಗೆ ತಿಳಿಸಿದೆ. ಅವರು ಕೆಟ್ಟ ಮನುಷ್ಯರಲ್ಲ. “ಕಾಲೇಜಿನ ಕಡೆಯಿಂದ ಒಂದು ಪತ್ರ ಬರೆಯಿರಿ, ಮುಗಿಸಿ. ಇದಕ್ಕೇ ನಾನು ಮ್ಯೂಸಿಯಂ ಅಂದಿದ್ದು” ಎಂದರು. ಆ ಪತ್ರವನ್ನು ಯಾರಿಗೆ ಬರೆಯಬೇಕೆಂದು ನನಗೆ ಗೊತ್ತಾಗಲಿಲ್ಲ. ಬೋರ್ಡಿನಿಂದ ಪ್ರಿಂಟನ್ನೂ ಪತ್ರಿಕೆಯ ತುಣುಕನ್ನೂ ಕಿತ್ತು ಚೀಲಕ್ಕೆ ಹಾಕಿಕೊಂಡೆ.

ಅನಿರುದ್ಧ ಮೂರು ದಿನ ತರಗತಿಗೆ ಬರಲಿಲ್ಲ. ಫತೇಗಂಜ್‌ನ ಅವನ ಕೋಣೆ ಹುಡುಕಿಕೊಂಡು ಹೋದೆ. ಕೆಳಗೆ ಆಮ್ಲೆಟ್ ಗಾಡಿ, ಮೇಲೆ ಗೂಡಿನಂಥ ಕೋಣೆ. ಹುಡುಗ ಸ್ನಾನ ಮಾಡಿರಲಿಲ್ಲ.

“ಊಟ ಮಾಡೀಯೇನೋ?” ಎಂದು ಕೇಳಿದೆ.

“ಮಾಡ್ದೆ ಮ್ಯಾಮ್.” ಮಾಡಿರಲಿಲ್ಲವೆಂದು ಕಾಣುತ್ತಿತ್ತು. ಆಮೇಲೆ ಅವನೇ ಹೇಳಿದ: “ನೇಮ್ ಬರಿ ಅಂತ ನೀವೇ ಹೇಳಿದ್ರಿ.”

“ಹೌದಪಾ. ನಾನs ಹೇಳಿದ್ದು.”

“ರಾಮ್‌ಸೇವಕ್‌ದು ಆದಾಗ ನಂಗೆ ಏನೋ ಅನ್ನಿಸ್ತು. ನೀವು, ನಿನ್ನ ತಪ್ಪಲ್ಲ ಅಂದ್ರಿ. ನಾನೂ ಓಕೆ ಅನ್ಕೊಂಡೆ.” ಕಣ್ಣು ಒರೆಸಿಕೊಂಡ. “ಅವಳು ನಂಗೆ ರೋಟಿ ಹಾಕಿ ಕೊಡ್ತಿದ್ಳು ಮ್ಯಾಮ್, ಪಾರುಲ್. ನಾನು ಅವಳನ್ನ ಹೀಗೆ ಮಾಡ್ಬಿಟ್ಟೆ.”

“ನಾಡದು ಶನಿವಾರ ಇಬ್ಬರೂ ಹೋಗೋಣು. ಬಾಗಲಾ ತಗೀಲಿಲ್ಲಂದ್ರ ಹೊರಗs ಕುಂಡ್ರೋಣು. ಚಿತ್ರದ ಒರಿಜಿನಲ್ ತಗೊಂಡು ಬಾ, ಪ್ಲಾನೂ ತಗೊಂಡು ಬಾ” ಅಂದೆ.

ಬಾಗಿಲ ಹೊರಗೆ ನಿಂತು ಒಂದು ತಾಸಾದ ಮೇಲೆ ಜಸುಬೆನ್ ತೆರೆದರು. ಒಳಗೆ ಬನ್ನಿ ಎನ್ನಲಿಲ್ಲ. ನೀರೂ ಕೊಡಲಿಲ್ಲ. ಪಾರುಲ್ ಗೋಡೆಗೆ ಮುಖ ಮಾಡಿ ಸೀರೆಗೆ ಕಲ್ಲು ಅಂಟಿಸುತ್ತಿದ್ದಳು. ನಾನು ಕೈಮುಗಿದು ತಪ್ಪಾಯಿತು ಎಂದೆ.

“ಹೇಳಿದಿರಲ್ಲ, ಹಗುರ ಆಯ್ತಲ್ಲ ನಿಮಗೆ. ಹೋಗಿ ಬನ್ನಿ” ಎಂದರು ಜಸುಬೆನ್.

“ನಾನು ಏನು ಮಾಡಲಿ, ನೀವೇ ಹೇಳಿ.”

ಜಸುಬೆನ್ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದರು. “ನನ್ನ ಜೊತೆ ಕತಾರ್‌ಗಾಮ್‌ಗೆ ಬನ್ನಿ. ನೀವು ಓದಿದವರು, ಟೀಚರ್. ಹುಡುಗನ ಅಪ್ಪನ ಮುಂದೆ ಹೇಳಿ, ಚಿತ್ರ ಸುಳ್ಳು ಅಂತ. ನಾನು ತೆಗೀರಿ ಅಂದಿದ್ದೆ ಅಂತಲೂ ಹೇಳಿ.”

ಆಟೋದಲ್ಲಿ ಹೋದೆವು. ಹುಡುಗನ ತಂದೆ ಮಗನ್‌ಭಾಯಿ, ಐವತ್ತರ ಮೇಲಿನ ಗಂಭೀರ ಮನುಷ್ಯ. ನಮ್ಮನ್ನು ಕೂರಿಸಿ ಚಹಾ ತರಿಸಿದರು. ಅವರದ್ದೂ ಒಂದೇ ಕೋಣೆಯ ಮನೆ. ನಾನು ನನ್ನ ಹರಕು ಗುಜರಾತಿಯಲ್ಲಿ, ಚಾಪೆಯ ಮೇಲೆ ಪ್ಲಾನ್ ಹಾಸಿ, ಮುಕೇಶ್ ಇಲ್ಲಿ, ಪಾರುಲ್ ಅಲ್ಲಿ, ನಡುವೆ ಇಷ್ಟು ಜನ ಎಂದು ಬೆರಳಿಟ್ಟು ತೋರಿಸಿದೆ. ತೆಗೆಯಿರಿ ಎಂದು ಜಸುಬೆನ್ ಕೇಳಿಕೊಂಡಿದ್ದರು, ನಾನು ತೆಗೆಯಲಿಲ್ಲ ಎಂದೂ ಹೇಳಿದೆ. ನನ್ನ ವೃತ್ತಿಜೀವನದಲ್ಲಿ ಅಷ್ಟು ಸ್ಪಷ್ಟವಾಗಿ ನಾನು ಯಾವ ನಕ್ಷೆಯನ್ನೂ ವಿವರಿಸಿಲ್ಲ.

ಮಗನ್‌ಭಾಯಿ ಪೂರ್ತಿ ಕೇಳಿದರು. “ನೀವು ಹೇಳೋದು ನಿಜ ಅಂತ ನಂಗೆ ಗೊತ್ತು ಬೆನ್. ಮೊದಲೇ ಗೊತ್ತಿತ್ತು. ನಾವೂ ಹೀಗೇ ಮಲಗೋದು. ಆದರೆ ನಮ್ಮ ಮನೆ ಪೇಪರಿನಲ್ಲಿ ಬಂದಿಲ್ಲ. ಬೀಗರು, ಬಂಧುಗಳು, ಕಾರ್ಖಾನೆಯೋರು, ಒಬ್ಬೊಬ್ಬರಿಗೂ ನಾನು ಹೀಗೆ ನಕ್ಷೆ ಹಾಸಿ ತೋರಿಸೋಕಾಗುತ್ತಾ?”

ಜಸುಬೆನ್ ಎದ್ದು ನಿಂತರು. “ನಡೀರಿ” ಎಂದರು.

ಮನೆಗೆ ಬಂದು, ಈ ಸಲ ಒಳಗೆ ಕೂರಿಸಿ ಕೇಳಿದರು: “ಈ ಚಿತ್ರ ಇನ್ನೆಲ್ಲಿದೆ?”

ಪ್ರಿಂಟು ಒಂದೇ ಇತ್ತು, ನಾನು ಕಿತ್ತಿದ್ದೇನೆ ಎಂದೆ. ಅಸಲು ಇದು ಎಂದು ಅನಿರುದ್ಧ ಟ್ರೇಸಿಂಗ್ ಹಾಳೆಯ ಸುರುಳಿಯನ್ನು ಅವರ ಮುಂದೆ ಇಟ್ಟ. ಅವರು ಕೈಚಾಚುವ ಮೊದಲೇ ಅವನೇ ಅದನ್ನು ಬಿಚ್ಚಿ ಹರಿದ. ಗಟ್ಟಿ ಹಾಳೆ, ಸುಲಭವಾಗಿ ಹರಿಯುವುದಿಲ್ಲ. ಮೊಣಕಾಲ ಕೆಳಗೆ ಒತ್ತಿ ಹಿಡಿದು ಪಟ್ಟಿ ಪಟ್ಟಿಯಾಗಿ ಹರಿದ. ಭೀಖಾಭಾಯಿ ಆ ಸದ್ದಿಗೆ ತಲೆ ತಿರುಗಿಸಿ, “ಏನದು?” ಎಂದರು. ಜಸುಬೆನ್ “ಏನಿಲ್ಲ, ರದ್ದಿ” ಎಂದರು. ಪಾರುಲ್ ಆಗಲೂ ತಿರುಗಿ ನೋಡಲಿಲ್ಲ.

ಮುಂದಿನ ತಿಂಗಳು ಕೊನೆಯ ಮೌಲ್ಯಮಾಪನ. ಅನಿರುದ್ಧನ ಹತ್ತಿರ ತೋರಿಸಲು ಮುಖ್ಯ ಹಾಳೆಯೇ ಇರಲಿಲ್ಲ. ಅಳತೆಗಳೆಲ್ಲ ನೋಟ್‌ಬುಕ್ಕಿನಲ್ಲಿವೆ, ಹೆಸರುಗಳನ್ನು ಬಿಟ್ಟು ಇನ್ನೊಮ್ಮೆ ಬರೆ ಎಂದು ನಾನೇ ಹೇಳಿದೆ. ಅಷ್ಟಾದ ಮೇಲೂ ನನಗೆ ಆ ಬುದ್ಧಿ ಬಂತು. “ಬೇಡ ಮ್ಯಾಮ್” ಎಂದ, ಅಷ್ಟೇ. ಪರೀಕ್ಷಕರೆಲ್ಲ ಅವನ ಚಿತ್ರ ನೋಡಿದ್ದಾರೆ, ಅಂಕ ಕೊಡೋಣ ಎಂದು ಮೆಹ್ತಾ ಸಾಹೇಬರ ಜೊತೆ ವಾದಿಸಿದೆ. “ಹಾಳೆ ಇಲ್ಲದೆ ಅಂಕ ಕೊಟ್ಟರೆ ನಾಳೆ ಎಲ್ಲರೂ ಹರಿದೆ ಅಂತಾರೆ” ಎಂದರು ಅವರು. ನಿಯಮದ ಪ್ರಕಾರ ಅವರದ್ದೇ ಸರಿ. ಹುಡುಗ ನಪಾಸಾದ. ಅವನ ತಂದೆ ಅಹಮದಾಬಾದಿನಿಂದ ಫೋನ್ ಮಾಡಿ, “ಕನ್ನಡದೋರು ಅಂತ ನಿಮ್ಮನ್ನ ನಂಬಿದ್ವಿ ಮೇಡಂ” ಎಂದರು.

ಅವನು ಕಿರಿಯರ ಜೊತೆ ಕೂತು ಆ ಅವಧಿಯನ್ನು ಮತ್ತೆ ಮಾಡಿದ. ಓದು ಮುಗಿಸಿ ಈಗ ಅಹಮದಾಬಾದಿನಲ್ಲಿ ಸಣ್ಣ ಕಚೇರಿ ಇಟ್ಟುಕೊಂಡಿದ್ದಾನೆ. ಯಾರ ಮನೆಯ ಅಳತೆಗೆ ಹೋದರೂ, ಇದರಲ್ಲಿ ಯಾವುದನ್ನು ಬರೆಯಬಾರದು ಎಂದು ಮೊದಲು ಕೇಳುತ್ತಾನಂತೆ.

ನಾನು ಕಲಿಸುವ ಕ್ರಮವೂ ಬದಲಾಯಿತು. ಮೊದಲ ಮೂರು ಭೇಟಿಯಲ್ಲಿ ಪೆನ್ಸಿಲ್ ಇಲ್ಲ, ಕ್ಯಾಮೆರಾ ಇಲ್ಲ. ಬರೆದದ್ದನ್ನು ಮೊದಲು ಆ ಮನೆಯವರಿಗೆ ತೋರಿಸಬೇಕು. ಅವರು ಬೇಡ ಎಂದರೆ ಅಲ್ಲಿಯೇ ಬಿಟ್ಟುಬರಬೇಕು; ಅದಕ್ಕೆ ಅಂಕ ಕಡಿಮೆಯಾಗುವುದಿಲ್ಲ. ಈ ಕೊನೆಯ ಸಾಲನ್ನು ನಿಯಮದ ಪುಸ್ತಕಕ್ಕೆ ಸೇರಿಸಲು ಎರಡು ವರ್ಷ ಸಭೆಗಳಲ್ಲಿ ಜಗಳವಾಡಿದೆ. ಕೊನೆಗೆ ಮೆಹ್ತಾ ಸಾಹೇಬರು ಸಹಿ ಹಾಕಿದರು.

ನಿವೃತ್ತಿಯ ವರ್ಷ ಪರೀಕ್ಷಕಳಾಗಿ ಸುರತ್ತಿಗೆ ಹೋಗಿದ್ದೆ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ವರಾಛಾಕ್ಕೆ ಹೋದೆ. ಜಸುಬೆನ್ ಮನೆಯವರು ಊರ ಹೊರಗಿನ ಫ್ಲ್ಯಾಟಿಗೆ ಹೋಗಿದ್ದರು. ಅಜ್ಜಿ ತೀರಿಕೊಂಡಿದ್ದರು. ಪಾರುಲ್ ಮಾತ್ರ ಹಿಂದಿನ ಓಣಿಯಲ್ಲೇ ಇದ್ದಾಳೆ ಎಂದರು. ಹುಡುಕಿಕೊಂಡು ಹೋದರೆ, ನೆಲಮಾಳಿಗೆಯ ಒಂದು ಕೋಣೆಯಲ್ಲಿ ಏಳೆಂಟು ಹೆಂಗಸರು ಸೀರೆಗೆ ಕಲ್ಲು ಅಂಟಿಸುತ್ತಿದ್ದರು. ಪಾರುಲ್ ಅವರ ಯಜಮಾನಿ. ಮದುವೆಯಾಗಿತ್ತು, ತೊಡೆಯ ಮೇಲೆ ಪುಟ್ಟ ಮಗಳು ಮಲಗಿದ್ದಳು. ನನ್ನ ಗುರುತು ಹಿಡಿದು ಕೂರಲು ಜಾಗ ಮಾಡಿದಳು. ಗಂಡ ಒಳ್ಳೆಯವನು, ಅಪ್ಪನ ಕಣ್ಣಿಗೆ ಆಪರೇಷನ್ ಆಯಿತು, ಮುಕೇಶ್ ಈಗ ಹಬ್ಬಕ್ಕೆ ಬಂದು ಹೋಗುತ್ತಾನೆ ಎಂದೆಲ್ಲ ಹೇಳಿದಳು.

“ನೀನು ಸುಖವಾಗಿರೋದು ನೋಡಿ ಸಮಾಧಾನ ಆಯ್ತು ಪಾರುಲ್. ಆಗಿದ್ದು ಒಳ್ಳೇದಕ್ಕೇ ಆಯ್ತು ಅನ್ಕೋಬೇಕು” ಅಂದೆ.

ಕಲ್ಲು ಅಂಟಿಸುತ್ತಿದ್ದ ಅವಳ ಕೈ ನಿಂತಿತು.

“ಎಲ್ಲರೂ ಹಾಗೇ ಅಂದರು ಬೆನ್. ಅಮ್ಮನೂ ಅಂದಳು, ಅಪ್ಪನೂ ಅಂದರು. ನನಗೆ ಹಿತೇಶ್ ಇಷ್ಟ ಇದ್ದ.”

ಅವಳ ಧ್ವನಿಯಲ್ಲಿ ಕೋಪವಿರಲಿಲ್ಲ. ಮಗುವಿನ ಹಣೆಯ ಕೂದಲು ಸರಿಸುತ್ತಾ ಹೇಳಿದಳು: “ಎರಡು ಸಲ ನೋಡಿದ್ದೆ, ಅಷ್ಟೇ. ಎರಡನೇ ಸಲ ಹತ್ತು ನಿಮಿಷ ಮಾತಾಡೋಕೆ ಬಿಟ್ಟಿದ್ದರು. ಓದು ಯಾಕೆ ಬಿಟ್ಟೆ ಅಂತ ಕೇಳಿದ. ಅದುವರೆಗೆ ಅದನ್ನ ನನ್ನನ್ನ ಯಾರೂ ಕೇಳಿರಲಿಲ್ಲ.”

ಆರು ಶನಿವಾರ ನಾವು ಆ ಮನೆಯಲ್ಲಿ ಕೂತಿದ್ದೆವು. ಅವಳು ಬಟ್ಟೆ ಎಲ್ಲಿಡುತ್ತಾಳೆ, ಅವಳ ಕೈ ಎಷ್ಟು ಎತ್ತರಕ್ಕೆ ನಿಲುಕುತ್ತದೆ, ಎಷ್ಟು ಅಗಲದಲ್ಲಿ ಮಲಗುತ್ತಾಳೆ, ಎಲ್ಲವನ್ನೂ ಕೇಳಿ ಅಂಗುಲದ ಲೆಕ್ಕದಲ್ಲಿ ಬರೆದುಕೊಂಡಿದ್ದೆವು.

“ಯಾಕೆ ಬಿಟ್ಟೆ, ಪಾರುಲ್?” ಎಂದು ಕೇಳಿದೆ.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು.

“ಈಗ ಯಾಕೆ ಬೆನ್?” ಎಂದಳು. ಎದುರು ಕೂತ ಹೆಂಗಸಿಗೆ ಅಂಟು ಕಡಿಮೆ ಹಾಕು ಎಂದು ಹೇಳಿ, ನೀರಿನ ಲೋಟವನ್ನು ನನ್ನ ಕಡೆ ಸರಿಸಿದಳು.